ಅಣ್ಣ ಬಿಡಿಸಿದ ಜೆಟ್ ಎಂಜಿನ್

ವಾಯುಸೇನೆಯಲ್ಲಿ ಹದಿನೈದು ವರ್ಷ ವಿಮಾನದ ಎಂಜಿನ್ ರಿಪೇರಿ ಮಾಡಿ ಅಣ್ಣ ಕುಮಟೆಗೆ ಮರಳಿದ್ದು ಎಂಬತ್ತರ ದಶಕದ ಮೊದಲಲ್ಲಿ. ಆಗ ನಾನು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬಂದವನು ಮನೆಯಲ್ಲಿ ತೀರ ಗಟ್ಟಿಯಾಗಿ ಮಾತಾಡುತ್ತಿದ್ದ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿರಲಿಲ್ಲ. ಮಗನಿಗೆ ಸೊಕ್ಕು ಬಂದಿದೆ ಎಂದು ಅಪ್ಪ ಬೈಯುತ್ತಿದ್ದ. ನಾನೂ ಹಾಗೇ ತಿಳಿದಿದ್ದೆ.

ಹತ್ತನೆಯ ತರಗತಿಗೆ ಕ್ರಿಯೆ, ಪ್ರತಿಕ್ರಿಯೆಯ ಪಾಠ ಬಂದಾಗ ಅವನನ್ನೇ ಕರೆದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಹಲಗೆಯ ಮೇಲೆ ಒಂದು ಉದ್ದ ಕೊಳವೆ ಬಿಡಿಸಿದ.

"ಮುಂದಿನ ಬಾಯಿ ಗಾಳಿ ಎಳೀತದೆ. ಈ ಅಲಗಿನ ಚಕ್ರಗಳು ಅದನ್ನ ಒತ್ತಿ ಒತ್ತಿ ಹಿಂಡ್ತವೆ. ಹಿಂಡಿದ ಗಾಳಿಗೆ ಎಣ್ಣೆ ಸಿಂಪಡಿಸಿ ಬೆಂಕಿ ಕೊಟ್ರೆ ಉಬ್ಬಿ ಹಿಂದಿನಿಂದ ನುಗ್ತದೆ. ಅದು ಹಿಂದೆ ನುಗ್ಗಿದ ರಭಸಕ್ಕೇ ವಿಮಾನ ಮುಂದೆ."

ಹೊರಟ ಆ ಬಿಸಿಗಾಳಿಯೇ ದಾರಿಯಲ್ಲಿ ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡಕ್ಕೆ ಕೂಡಿಸಿದ ಮುಂದಿನ ಅಲಗುಗಳೂ ಅದರಿಂದಲೇ ತಿರುಗುತ್ತವೆ ಎಂದಾಗ ಮಕ್ಕಳು ಕಣ್ಣರಳಿಸಿ ಕೂತಿದ್ದರು. ನನಗೆ ಅಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. "ಸರ್, ಬೆಂಕಿ ಮುಂದೆ ಯಾಕೆ ಬರೂದಿಲ್ಲ?"

"ಹದಿನೈದು ವರ್ಷ," ಎಂದ ಅಣ್ಣ ನಗುತ್ತ. ಎಷ್ಟು ವರ್ಷ ಕೆಲಸ ಮಾಡಿದಿರಿ ಎಂದು ಕೇಳಿದಳೆಂದು ಊಹಿಸಿದ್ದನೇನೋ.

ತರಗತಿ ಗೊಳ್ಳೆಂದು ನಕ್ಕಿತು. ಅವನು ನನ್ನ ಮುಖ ನೋಡಿದ. ನಾನು ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆ. ಓದಿ ಮತ್ತೆ ಕೊಳವೆಯ ಚಿತ್ರದತ್ತ ತಿರುಗಿದ. "ಮುಂದೆ ಹಿಂಡಿದ ಗಾಳಿಯ ಒತ್ತಡ ಜಾಸ್ತಿ. ಅದಕ್ಕೆ ಬೆಂಕಿ ಹಿಂದೇ ಹೋಗ್ತದೆ. ಗಾಳಿಯ ಓಟ ಕೆಟ್ರೆ ಮುಂದೂ ಬರ್ತದೆ," ಎಂದು ಹೇಳಿ ಕೈಯ ಸುಣ್ಣ ಕೊಡವಿಕೊಂಡ.

ಮನೆಯ ದಾರಿಯಲ್ಲಿ ಅವನ ಎದುರು ನಿಂತು ನನ್ನ ಕಿವಿ ಮುಟ್ಟಿ ತೋರಿಸಿದೆ.

"ಎಡಗಿವಿ ಪೂರಾ ಹೋತು. ಬಲಗಿವೀಲಿ ಬರೇ ಗುಂಯ್ ಅಂತದೆ. ಕಿವಿಗೆ ಹಾಕ್ಕಳೂಕೆ ಮುಚ್ಚಳ ಕೊಟ್ಟಿದ್ರು ತಂಗಿ. ಹಾಕ್ಕಂಡ್ರೆ ಎಂಜಿನ್ನಿನ ತಪ್ಪು ಸದ್ದು ಗೊತ್ತಾಗೂದಿಲ್ಲ ಅಂತ ನಾನೇ ತೆಗೆದಿಡ್ತಿದ್ದೆ." ಆಮೇಲೆ, "ಅಪ್ಪಂಗೆ ಹೇಳ್ಬೇಡ," ಎಂದ.

ಮಳೆಗಾಲ ಮುಗಿದ ಮೇಲೆ ಹೊನ್ನಾವರದಲ್ಲಿ ದೋಣಿ ಎಂಜಿನ್ ರಿಪೇರಿಯ ಒಂದು ಗ್ಯಾರೇಜಿಗೆ ಸೇರಿಕೊಂಡ. ಅಂಗೈಯನ್ನು ಎಂಜಿನ್ನಿಗೆ ಒತ್ತಿ ಹಿಡಿದು ಅದರ ನಡುಕದಿಂದಲೇ ದೋಷ ಹೇಳುತ್ತಿದ್ದನಂತೆ. ಒಂದು ದಿನ "ನಿಲ್ಸು, ನಿಲ್ಸು" ಎಂದು ಜೊತೆಗಿದ್ದವನು ಕೂಗಿದ್ದು ಅಣ್ಣನಿಗೆ ಕೇಳಲಿಲ್ಲ. ಕೂಗಿದವನ ಎರಡು ಬೆರಳು ಎಂಜಿನ್ನಿನ ಬೆಲ್ಟಿಗೆ ಸಿಕ್ಕಿ ಹೋದವು. ಮರುದಿನದಿಂದ ಅಣ್ಣ ಹೊನ್ನಾವರದ ಬಸ್ಸು ಹತ್ತಲಿಲ್ಲ.

ಆಗ ನಾನು ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಅಣ್ಣನನ್ನು ಬೈಯುವುದು ಅಂದಿಗೇ ನಿಂತಿತು, ಮಾತಾಡಿಸುವುದೂ ನಿಂತಿತು. ಅಪ್ಪ ತೀರಿಕೊಳ್ಳುವವರೆಗೆ ಜಗುಲಿಯ ಎರಡು ತುದಿಯಲ್ಲಿ ಇಬ್ಬರೂ ರಸ್ತೆ ನೋಡುತ್ತ ಕೂತಿರುತ್ತಿದ್ದರು.