ಮೇಲೆ ಕಟ್ಟಿದ ರಾಟೆ

ಕಳೆದ ಭಾನುವಾರ ನಮ್ಮ ಅತ್ತೆಯವರ ತೇಗದ ಬೀರು ಬಸವೇಶ್ವರನಗರದ ಆಕಾಶದಲ್ಲಿ ನೇತಾಡುತ್ತಿತ್ತು. ಪೂರ್ತಿ ಆಕಾಶವೇನಲ್ಲ, ನೆಲದಿಂದ ಎರಡಡಿ ಮೇಲೆ. ಅಷ್ಟಕ್ಕೇ ರಸ್ತೆಯ ಅರ್ಧ ಜನ ಗೇಟಿಗೆ ಬಂದಿದ್ದರು.

ಅತ್ತೆ ಇಷ್ಟು ದಿನ ದೀಪಾಂಜಲಿ ನಗರದಲ್ಲಿ ಮಗನ ಮನೆಯಲ್ಲಿದ್ದರು. ಮಂಡಿನೋವು ಜಾಸ್ತಿಯಾದ ಮೇಲೆ, ಅಮ್ಮ ಇನ್ನು ನಮ್ಮಲ್ಲೇ ಇರಲಿ ಎಂದು ನನ್ನ ಹೆಂಡತಿ ಸಾವಿತ್ರಿ ಹಟ ಹಿಡಿದಳು. ಅತ್ತೆಯದು ಒಂದೇ ಷರತ್ತು. "ನನ್ನ ಬೀರು ಬಂದ್ರೆ ನಾನೂ ಬರ್ತೀನಿ. ಅದು ಹತ್ತಲಿಲ್ಲ ಅಂದ್ರೆ ನನ್ನನ್ನೂ ಹತ್ತಿಸ್ಬೇಡಿ."

ನಮ್ಮದು ಇಪ್ಪತ್ತು ಬೈ ಮೂವತ್ತು ಸೈಟಿನ ಬಾಡಿಗೆ ಮನೆ, ಮೊದಲ ಮಹಡಿ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಗ್ಯಾಸ್ ಸಿಲಿಂಡರ್ ತರುವವನೂ ಅಡ್ಡಡ್ಡ ಹತ್ತಬೇಕು. ಬೀರು ತಿರುವಿನಲ್ಲೇ ಸಿಕ್ಕಿಕೊಂಡಿತು. ವಾಪಸ್ ಇಳಿಸಿದೆವು. ಉಳಿದದ್ದು ಒಂದೇ ದಾರಿ, ಹೊರಗಿನಿಂದ ಹಗ್ಗ ಕಟ್ಟಿ ಬಾಲ್ಕನಿಗೆ ಎಳೆಯುವುದು.

ಇಲ್ಲಿ ನನ್ನ ಪಿಯುಸಿ ಸೈನ್ಸ್ ಎದ್ದು ಕೂತಿತು. (ಫಿಸಿಕ್ಸಿನಲ್ಲಿ ಜಸ್ಟ್ ಪಾಸ್. ಪಾಸು ಪಾಸೇ ಅಲ್ಲವೇ?) ಎರಡು ರಾಟೆ ಇದ್ದರೆ ಭಾರ ಅರ್ಧವಾಗುತ್ತದೆ ಎಂಬುದೊಂದು ನೆನಪಿತ್ತು. ಹಾರ್ಡ್‌ವೇರ್ ಅಂಗಡಿಗೆ ಓಡಿ, ಬಾವಿಗೆ ಹಾಕುವಂಥ ಎರಡು ರಾಟೆ ತಂದೆ. ಓನರ್ ಇನ್ನೊಂದು ಮಹಡಿಯ ಆಸೆಯಿಂದ ತಾರಸಿಯ ಆಚೆಗೆ ಚಾಚಿ ಬಿಟ್ಟಿದ್ದ ಕಬ್ಬಿಣದ ತೊಲೆಗೆ ಎರಡನ್ನೂ ಪಕ್ಕಪಕ್ಕ ಕಟ್ಟಿದೆ. ಹಗ್ಗ ಎರಡರ ಮೇಲೂ ಹಾದು ಕೆಳಗಿಳಿಯಿತು. ನೋಡಲು ಬಹಳ ಚೆನ್ನಾಗಿತ್ತು.

ಸಾಮಾನು ಇಳಿಸಲು ಬಂದಿದ್ದವರು ಸಿಂದಗಿ ಕಡೆಯ ಮಲ್ಲಪ್ಪ ಮತ್ತು ಅವರ ತಮ್ಮ. ಮಲ್ಲಪ್ಪ ತಲೆಯೆತ್ತಿ ನೋಡಿದರು.

"ಸರ, ಎರಡೂ ಮ್ಯಾಲ ಯಾಕ ಕಟ್ಟೀರಿ?"

"ಎರಡಿದ್ರೆ ಭಾರ ಅರ್ಧ ಆಗುತ್ತಲ್ವಾ?"

"ಮ್ಯಾಲ ಹತ್ತು ಕಟ್ಟಿದ್ರೂ ಅಷ್ಟ ರೀ. ಅವು ಹಗ್ಗ ತಿರುವ್ತಾವ, ವಜ್ಜೆ ಹೊರಂಗಿಲ್ಲ."

ನಾನು ನಕ್ಕೆ, ಓದಿದವರು ನಗುವ ಹಾಗೆ. "ನೀವು ಎಳೀರಿ, ಗೊತ್ತಾಗುತ್ತೆ" ಎಂದೆ.

ಗೊತ್ತಾಯಿತು. ಬೀರು ಎರಡಡಿ ಏರುವಷ್ಟರಲ್ಲಿ ಅಣ್ಣತಮ್ಮ ಇಬ್ಬರ ಕಾಲೂ ಜಾರತೊಡಗಿತು. ಹಗ್ಗ ಕೈಯಲ್ಲಿ ನಿಲ್ಲಲಿಲ್ಲ. ಬೀರು ದಪ್ಪೆಂದು ನೆಲಕ್ಕೆ ಬಿದ್ದು, ಅದರ ಒಂದು ಕಾಲು ಸೀಳಿತು. ಆಟೋದಲ್ಲಿ ಕೂತು ಎಲ್ಲ ನೋಡುತ್ತಿದ್ದ ಅತ್ತೆ ಡ್ರೈವರಿಗೆ, "ಗಾಡಿ ತಿರುಗಿಸಪ್ಪ" ಎಂದರು. ಸಾವಿತ್ರಿಯ ಕಣ್ಣು ತುಂಬಿತು. ನನಗೆ ಎಲ್ಲಾದರೂ ಓಡಿಹೋಗೋಣ ಅನ್ನಿಸಿತು.

ಆಗಲೇ ಭಾವಮೈದ ಮೊಬೈಲಿಗೆ ಫೋನ್ ಮಾಡಬೇಕೆ? "ಭಾವ, ಗಟ್ಟಿ ಹಗ್ಗ ತಗೊಳ್ಳಿ. ಅಮ್ಮನ್ನ ಬಿಸಿಲಲ್ಲಿ ಕೂರಿಸ್ಬೇಡಿ. ಆತುರ ಮಾಡ್ಬೇಡಿ." ಸಲಹೆ ಮೂರು, ಕೈ ಒಂದೂ ಇಲ್ಲ. (ಅವನ ಮನೆಗೆ ಯಾರೋ ಗೆಸ್ಟ್ ಬಂದಿದ್ದರಂತೆ.)

ಮಲ್ಲಪ್ಪ ನನ್ನನ್ನು ಏನೂ ಕೇಳಲಿಲ್ಲ. ತಾರಸಿ ಹತ್ತಿ ಒಂದು ರಾಟೆ ಬಿಚ್ಚಿ ತಂದು ಬೀರುವಿಗೇ ಕಟ್ಟಿದರು. ಹಗ್ಗದ ಒಂದು ತುದಿಯನ್ನು ತೊಲೆಗೆ ಬಿಗಿದಿದ್ದರು. ಅದು ಕೆಳಗೆ ಬಂದು, ಬೀರುವಿನ ರಾಟೆಯಲ್ಲಿ ನುಸುಳಿ, ಮತ್ತೆ ಮೇಲಿನ ರಾಟೆ ದಾಟಿ ಅವರ ಕೈಗೆ ಇಳಿಯಿತು. "ಈಗ ಅರ್ಧ ವಜ್ಜೆ ತೊಲಿ ಹೊರ್ತೈತಿ, ಅರ್ಧ ನಾವು. ಈ ಗಾಲಿ ಬೀರುವಿನ ಜೋಡಿ ತಾನೂ ಮ್ಯಾಲ ಹೋಗ್ತೈತಿ ನೋಡ್ರಿ."

ಬೀರು ಒಂದಡಿ ಏರಲು ಎರಡಡಿ ಹಗ್ಗ ಎಳೆಯಬೇಕಾಯಿತು. ಆದರೆ ಯಾರ ಕಾಲೂ ಜಾರಲಿಲ್ಲ. ನಾನು ತಾರಸಿಯಲ್ಲಿ ನಿಂತು "ಎಡಕ್ಕೆ, ಬಲಕ್ಕೆ" ಎನ್ನುತ್ತಿದ್ದೆ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಬೀರು ಬಾಲ್ಕನಿ ಸೇರಿದ ಮೇಲೆ ಅತ್ತೆ ಆಟೋದಿಂದ ಇಳಿದರು.

ಈಗ ಅತ್ತೆಯ ಸರದಿ. ಸಾವಿತ್ರಿ ಅವರ ಎರಡೂ ಕೈ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಹತ್ತಿಸತೊಡಗಿದಳು. ನಾನು ಮೆಟ್ಟಿಲ ತುದಿಯಲ್ಲಿ ನಿಂತೆ. "ನಿಧಾನ ಅತ್ತೆ. ಬಲಗಾಲು ಮೊದಲು. ಹಾಂ, ಈಗ ಎಡಗಾಲು." ಐದನೇ ಮೆಟ್ಟಿಲಲ್ಲಿ ಇಬ್ಬರೂ ನಿಂತರು. ಸಾವಿತ್ರಿಗೆ ಏದುಸಿರು.

"ರೀ, ಅಲ್ಲಿಂದ ಹೇಳಿದ್ದು ಸಾಕು. ಇಳಿದು ಬಂದು ಹಿಂದಿನಿಂದ ಹಿಡ್ಕೊಳ್ಳಿ."

ಕೆಳಗೆ ಮಲ್ಲಪ್ಪ ಹಗ್ಗ ಸುತ್ತುತ್ತಿದ್ದರು. ತೊಲೆಯಲ್ಲಿ ಉಳಿದಿದ್ದ ರಾಟೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

ನಾನು ಸಿಲಿಂಡರ್ ತರುವವನಂತೆ ಅಡ್ಡಡ್ಡ ಇಬ್ಬರ ಪಕ್ಕ ನುಸುಳಿ ಇಳಿದು ಅತ್ತೆಯ ಬೆನ್ನಿಗೆ ಎರಡೂ ಕೈ ಕೊಟ್ಟೆ. ಹದಿನೆಂಟು ವರ್ಷದ ಸಂಸಾರದಲ್ಲಿ ಹಾಲು ಕಾಯಿಸಿದ್ಯಾ, ಕರೆಂಟ್ ಬಿಲ್ ಕಟ್ಟಿದ್ಯಾ, ನಿಮ್ಮಮ್ಮಂಗೆ ಫೋನ್ ಮಾಡಿದ್ಯಾ ಎಂದು ಎಷ್ಟು ಹಗ್ಗ ತಿರುವಿದ್ದೇನೋ. ಅದನ್ನೆಲ್ಲ ಸಹಾಯ ಅಂತಲೇ ತಿಳಿದಿದ್ದೆ. ನಿಜವಾಗಿಯೂ ನಾಚಿಕೆಯಾಯಿತು. ಒಂದೊಂದು ಮೆಟ್ಟಿಲಿಗೂ ನಿಂತು, ಅತ್ತೆಯ ಜೊತೆ ನಾನೂ ಏರಿದೆ.

ರೂಮಿಗೆ ಬಂದ ಅತ್ತೆ ಬೀರುವಿನ ಸೀಳಿದ ಕಾಲು ಸವರಿದರು. "ನಂದೂ ಹೋಗಿದೆ, ಇದರದ್ದೂ ಹೋಗಿದೆ. ಇರ್ಲಿ, ಇಬ್ರೂ ಇಲ್ಲೇ ಇರ್ತೀವಿ."

ಸಂಜೆ ಭಾವಮೈದನ ಫೋನ್ ಬಂತು. "ಹತ್ತಿತಾ ಭಾವ? ನಾನು ಹೇಳಿದ ಹಾಗೇ ಮಾಡಿದ್ರಿ ತಾನೆ?"

ಆ ಎರಡು ರಾಟೆಗಳು ಈಗ ನಮ್ಮ ಅಟ್ಟದಲ್ಲಿವೆ. ಬೇಕಾದವರು ಧಾರಾಳವಾಗಿ ಒಯ್ಯಬಹುದು, ನೀವು ಮೇಲಿನ ರಾಟೆಯೋ ಬೀರುವಿನ ರಾಟೆಯೋ ಎಂದು ಮಾತ್ರ ಮೊದಲು ನಿಮ್ಮ ಹೆಂಡತಿಯಿಂದ ಹೇಳಿಸಿ.