ಉಲ್ಟಾ ಹೊಲಿಗೆಯ ಪುಸ್ತಕ

ಚಳಿ ಬಿತ್ತೆಂದರೆ ಬೀದಿಯ ದರ್ಜಿ ಮಾವನಿಗೆ ಪುಸ್ತಕದ ಹುಚ್ಚು ಹಿಡಿಯುತ್ತದೆ. ಅಂಗೈಯಗಲದ ಕಾಗದ ಮಡಚಿ, ಬೆಕ್ಕಿನ ಪ್ರತಾಪ, ಮಹಡಿ ಮನೆಯವರ ಗೊರಕೆ ಎಲ್ಲವನ್ನೂ ವರ್ಣಿಸಿ ಬರೆದು, ಕೋಟಿನ ದಾರದಲ್ಲಿ ಹೊಲಿದು ಮನೆಮನೆಗೆ ಹಂಚುತ್ತಾನೆ. “ಕಂಬಳಿ ಹೊದ್ದು ಓದಿ, ನಕ್ಕರೆ ಮೈ ಬೆಚ್ಚಗಾಗುತ್ತೆ” ಎನ್ನುವಾಗ ತಾನು ಮಾತ್ರ ನಗುವುದಿಲ್ಲ. ಗುಂಡಿ ಕೂದಲೆಳೆಯಷ್ಟು ಸರಿದರೂ ಬಿಚ್ಚಿ ಹೊಲಿಯುವ ಈತನ ಪುಸ್ತಕಗಳಿಗೆಲ್ಲ ಬಲಬದಿಗೇ ಹೊಲಿಗೆ, ಹಿಂದಿನಿಂದ ತೆರೆಯಬೇಕು. “ಈ ಸಲಾನೂ ಉಲ್ಟಾ ಹೊಲಿದಿದ್ದೀರಲ್ಲ, ಮಾವ!” ಎಂದು ಹೆಂಗಸರು ನಗುತ್ತಾರೆ. “ಚಳಿಗೆ ಕೈ ಓಡಲ್ಲ ಕಣ್ರಮ್ಮ” ಎಂದು ಅವನೂ ಒಪ್ಪಿಕೊಳ್ಳುತ್ತಾನೆ. ಆದರೆ ಸೂಜಿ ಹಿಡಿಯುವ ಮುನ್ನ, ಮಾಸಿದ ಹಳೆಯದೊಂದು ಪುಸ್ತಕವನ್ನು ಮಾದರಿಗೆಂದು ಎದುರಿಗಿಟ್ಟುಕೊಳ್ಳುತ್ತಾನೆ. ಎಡಚಿಯಾಗಿದ್ದ ಹೆಂಡತಿ ತನ್ನ ಕೊನೆಯ ಚಳಿಗಾಲದಲ್ಲಿ, ಹಾಸಿಗೆಯಲ್ಲೇ ಒರಗಿ ಕೂತು, ಅವನನ್ನು ನಗಿಸಲೆಂದು ಬರೆದು ಬಲಬದಿಗೆ ಹೊಲಿದುಕೊಟ್ಟ ಪುಸ್ತಕ ಅದು.