ಸೈನೈಡ್ ದಿಬ್ಬದ ಮೇಲಿನ ಹೆಜ್ಜೆಗಳು

ದೆವ್ವ, ಶಕುನ, ಮೈಮೇಲೆ ಬರುವುದು ಇವೆಲ್ಲ ನನಗೆ ನಾನ್‌ಸೆನ್ಸ್ ಆಗಿತ್ತು. ಕಾನ್ವೆಂಟಿನಲ್ಲಿ ಓದಿ, ಅದೇ ಕಾನ್ವೆಂಟಿನಲ್ಲಿ ಮೂವತ್ತು ವರ್ಷ ಜಿಯಾಗ್ರಫಿ ಕಲಿಸಿದವಳು ನಾನು. ಯಾರಾದರೂ ಅಂಥ ಕಥೆ ತೆಗೆದರೆ "ಎವಿಡೆನ್ಸ್ ಎಲ್ಲಿ?" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಂಬಲೇಬೇಕೆಂದು ಬಲವಂತವಿಲ್ಲ.

ಕಲಾ ನನ್ನ ತಂಗಿಯ ಮಗಳು. ತಾಯಿ ಹೋದ ಮೇಲೆ ಚಿನ್ನದ ಗಣಿಯೂರು ಉರಿಗಾಂನ ಈ ಮನೆಯಲ್ಲೇ ಬೆಳೆದಳು. ಈಗ ಆಫ್ರಿಕಾದ ಒಂದು ರಕ್ಷಿತ ಕಾಡಿನಲ್ಲಿ ಸಿಂಹಗಳ ಜಾಡು ಹಿಡಿಯುವುದು ಅವಳ ಕೆಲಸ. ಹೆಣ್ಣುಸಿಂಹಗಳು ಗುಂಪಾಗಿ ಒಂದು ಜಾಗ ಹಿಡಿದು ಮರಿ ಸಾಕುತ್ತವೆ. ಗಂಡುಗಳು ಎರಡೋ ಮೂರೋ ಜೊತೆ ಕಟ್ಟಿಕೊಂಡು ಆ ಗುಂಪನ್ನು ಕಾಯುತ್ತವೆ. ಹೊಸ ಜೊತೆ ಬಂದು ಹಳೆಯದನ್ನು ಓಡಿಸಿದರೆ ಮೊದಲು ಸಾಯುವುದು ಮರಿಗಳು.

ಯಾವ ಸಿಂಹ ಯಾವುದೆಂದು ತಿಳಿಯುವುದು ಮೀಸೆಯ ಬುಡದ ಚುಕ್ಕಿಗಳಿಂದ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ ಒಂದರದು ಇನ್ನೊಂದಕ್ಕೆ ಇರುವುದಿಲ್ಲ, ಎಡಗೆನ್ನೆಯದು ಬಲಗೆನ್ನೆಗೂ ಇರುವುದಿಲ್ಲ. ಕಲಾ ಕಳಿಸಿದ ಫೋಟೋಗಳನ್ನು ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಪ್ರಿಂಟ್ ಹಾಕಿಸಿ, ಟ್ರೇಸಿಂಗ್ ಪೇಪರಿನಲ್ಲಿ ಚುಕ್ಕಿ ಎತ್ತಿ, ನನ್ನ ಹತ್ತಿರವಿದ್ದ ಕಾರ್ಡುಗಳ ಜೊತೆ ತಾಳೆ ನೋಡಿ ಹೇಳುತ್ತಿದ್ದೆ. ಮ್ಯಾಪ್ ಟ್ರೇಸ್ ಮಾಡಿ ಪಳಗಿದ ಕೈ.

"ದೊಡ್ಡಮ್ಮ, ನಮ್ಮ ಕಂಪ್ಯೂಟರಿಗಿಂತ ನೀನೇ ಕರೆಕ್ಟು" ಎನ್ನುತ್ತಿದ್ದಳು.

"ಹಾಗಿದ್ರೆ ಆ ಕಂಪ್ಯೂಟರ್ ಮಾರಿ ನಂಗೊಂದು ಹೊಸ ಕನ್ನಡಕ ಕೊಡ್ಸೆ."

ಆ ಕಾಡಿನಲ್ಲಿ ಅಣ್ಣತಮ್ಮ ಸಿಂಹಗಳೆರಡಿದ್ದವು. ದೊಡ್ಡಣ್ಣ, ಚಿಕ್ಕಣ್ಣ ಎಂದು ಹೆಸರಿಟ್ಟವಳು ನಾನೇ. ದೊಡ್ಡಣ್ಣನ ಮುಂದಿನ ಎಡಗಾಲಿಗೆ ಹೊರಬದಿಯ ಬೆರಳಿಲ್ಲ. ಎರಡೂ ಕಲಾಳಿಗೆ ಒಗ್ಗಿಹೋಗಿ, ಅವಳ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಆದರೆ ನಾಲ್ಕು ವರ್ಷಗಳ ಹಿಂದೆ ಮೂರು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ.

ಆಗ ಒಂದು ದಿನ, ಮರಿಗಳಿದ್ದ ಬಂಡೆಯ ಹತ್ತಿರ ಕಂಡ ಗಂಡೊಂದರ ಫೋಟೋ ಬಂತು. ಮಾರನೆಯ ಮಧ್ಯಾಹ್ನ ತಾಳೆ ನೋಡಿ ಬರೆದೆ: "ಚಿಕ್ಕಣ್ಣನೇ. ವಾಪಸ್ ಬಂದಿದ್ದಾನೆ. ಡೋಂಟ್ ವರಿ." ಆ ಮಾತು ನಂಬಿ, ಬಂಡೆಗೆ ಕಟ್ಟಿದ್ದ ಕ್ಯಾಮೆರಾ ತರಲು ಕಲಾ ಜೀಪಿನಿಂದ ಇಳಿದಳು. ನಮ್ಮಲ್ಲಿ ರಾತ್ರಿ ಹತ್ತಕ್ಕೆ ಅವರ ಕ್ಯಾಂಪಿನಿಂದ ಫೋನ್. ಜೀಪು ಸಿಕ್ಕಿದೆ, ಕಲಾ ಇಲ್ಲ. ಕತ್ತಲಾಗಿದೆ, ಬೆಳಕು ಹರಿದ ಮೇಲೆ ಹುಡುಕುತ್ತೇವೆ.

ನಮ್ಮ ಗಣಿ ಕಾರ್ಮಿಕರ ಲೈನುಮನೆಗಳಲ್ಲಿ ಒಂದು ಪದ್ಧತಿಯಿತ್ತು. ಶಿಫ್ಟಿಗೆ ಇಳಿದವರು ಮೇಲೆ ಬರುವತನಕ ಅವರ ತಟ್ಟೆಯನ್ನು ಬೋರಲು ಹಾಕಬಾರದು. ಅಮ್ಮ ಅಪ್ಪನ ತಟ್ಟೆಯನ್ನು ಅಂಗಾತ ಇಟ್ಟು ಕಾಯುವಾಗ ನಾನು ನಗುತ್ತಿದ್ದೆ. ಅಂದು ನಾನೇ ಕಲಾಳ ತಟ್ಟೆ ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟೆ.

ಬೆಳಗಾಗುವಾಗ ಕಾರ್ಡುಗಳನ್ನು ಮತ್ತೆ ತೆಗೆದು ನೋಡಿದೆ. ಟ್ರೇಸಿಂಗ್ ಪೇಪರಿನ ಬಲಮೂಲೆಯಲ್ಲಿ ಒಂದು ಕ್ರಾಸ್ ಹಾಕುವುದು ನನ್ನ ಹಳೆಯ ಅಭ್ಯಾಸ, ಹಾಳೆ ತಿರುಗದಿರಲಿ ಎಂದು. ಆ ಕ್ರಾಸ್ ಎಡಮೂಲೆಯಲ್ಲಿತ್ತು. ಹಾಳೆಯನ್ನು ಮಗುಚಿಟ್ಟು ತಾಳೆ ನೋಡಿದ್ದೆ. ನೆಟ್ಟಗಿಟ್ಟು ನೋಡಿದರೆ ಅದು ಚಿಕ್ಕಣ್ಣನಲ್ಲ. ನಮ್ಮ ಯಾವ ಕಾರ್ಡಿನಲ್ಲೂ ಇಲ್ಲದ ಹೊಸ ಗಂಡು. ಮ್ಯಾಪಿನ ಹಾಳೆ ಮಗುಚಿದ್ದಕ್ಕೆ ಎಷ್ಟು ಮಕ್ಕಳ ಕೈಗಳ ಮೇಲೆ ಸ್ಕೇಲಿನಿಂದ ಹೊಡೆದಿದ್ದೇನೋ! ಈಗ ನಾನೇ ಸಾಕಿದ ಹುಡುಗಿಯನ್ನು ಸಿಂಹದ ಮುಂದೆ ಇಳಿಸಿದ್ದೆ.

ಏಳು ಗಂಟೆಗೆ ಹಾಲಿನ ಮುನಿಯಮ್ಮ ಬಂದಳು. ಬೇತಮಂಗಲದ ಕಡೆಯವಳು. ಕಲಾ ಸಿಂಹಗಳ ಕೆಲಸದಲ್ಲಿದ್ದಾಳೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ನನ್ನ ಮುಖ ನೋಡುವ ಮೊದಲೇ ಶುರುಮಾಡಿದಳು.

"ಅಮ್ಮೋ, ಸೈನೈಡ್ ದಿಬ್ಬದ್ ಮ್ಯಾಲೆ ಎಂಥಾ ಎಜ್ಜೆ ಅಂತೀಯ! ನಾಯೀದಂಗದೆ, ತಟ್ಟೆಯಷ್ಟಗ್ಲ. ಒಂದ್ಕಾಲ್ಗೆ ಒಂದು ಬೆರಳೇ ಇಲ್ಲ."

"ಯಾವ ಕಾಲು?"

"ಮುಂದಿನ್ ಎಡಗಾಲು ಕಣಮ್ಮ."

ಚಾರ್ಜಿಗೆ ಹಾಕಿದ್ದ ಫೋನನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಹೊರಟೆ. ಸೈನೈಡ್ ಹಾಕಿ ಚಿನ್ನ ತೆಗೆದುಳಿದ ಬಿಳಿ ಪುಡಿಮಣ್ಣಿನ ಆ ದಿಬ್ಬ ನಮ್ಮ ಮನೆಯಿಂದ ಕಾಲು ಗಂಟೆಯ ದಾರಿ. ಹೆಜ್ಜೆಗಳಿದ್ದವು. ಎರಡು ಪ್ರಾಣಿಗಳು ಪಕ್ಕಪಕ್ಕದಲ್ಲಿ ಹತ್ತಿದ್ದವು. ಕಲಾ ಹೆಜ್ಜೆಯ ಫೋಟೋ ತೆಗೆಯುವಾಗ ಯಾವಾಗಲೂ ಪಕ್ಕದಲ್ಲಿ ಪೆನ್ನು ಇಡುತ್ತಿದ್ದಳು, ಅಳತೆಗೆ. ನಾನೂ ನನ್ನ ಪೆನ್ನು ಇಟ್ಟೆ. ಅದೇ ಅಳತೆ, ಅದೇ ಇಲ್ಲದ ಬೆರಳು. ದಿಬ್ಬದ ನೆತ್ತಿಯಲ್ಲಿ ಎರಡು ದೊಡ್ಡ ಮೈಗಳು ಒತ್ತಿ ಮಲಗಿದ ಗುರುತು. ಅಲ್ಲಿಂದಾಚೆ ಏನೂ ಇಲ್ಲ.

"ಮ್ಯಾಲಕ್ ಅತ್ತವೆ, ಇಳ್ದೇ ಇಲ್ಲ! ರೆಕ್ಕೆ ಬಂತಾ ಏನ್ ಕತೆ?" ಎಂದು ಮುನಿಯಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಸೆರಗು ಹಿಡಿದುಕೊಂಡಳು. "ಓಗಾಣ ಬಾರಮ್ಮ, ನಂಗ್ಯಾಕೋ ಸರಿ ಕಾಣ್ತಿಲ್ಲ."

ಮನೆಗೆ ಬಂದ ಮೇಲೂ ಎರಡು ಗಂಟೆ ಕಾದೆ. ಆಮೇಲೆ ಫೋನ್ ಬಂತು. ಕಲಾಳ ಧ್ವನಿ. ಹೊಸ ಗಂಡುಗಳನ್ನು ಕಂಡು ಬಂಡೆಯ ಸಂದಿಗೆ ನುಗ್ಗುವಾಗ ಕಾಲು ಮುರಿದಿತ್ತು. ಅವು ಸಂದಿಯ ಬಾಯಲ್ಲೇ ಕಾಯುತ್ತಿದ್ದವಂತೆ. "ಕತ್ತಲಾಗೋ ಹೊತ್ತಿಗೆ ದೊಡ್ಡಣ್ಣ ಚಿಕ್ಕಣ್ಣ ಬಂದ್ರು, ದೊಡ್ಡಮ್ಮ. ಹೊಸಬರು ಹಿಂದೆ ಸರಿದ್ರು. ಇವರಿಬ್ರೂ ರಾತ್ರಿಯೆಲ್ಲ ನನ್ನೆದುರಿಗೇ ಮಲಗಿದ್ರು. ಆದ್ರೆ ಯಾರೂ ನಂಬ್ತಿಲ್ಲ."

ಯಾಕೆ ನಂಬುವುದಿಲ್ಲವೆಂದರೆ, ಬಂಡೆಯ ಮುಂದೆ ಹಿಟ್ಟಿನಂಥ ಮಣ್ಣು. ಹೊಸ ಗಂಡುಗಳ ಹೆಜ್ಜೆ ಅಲ್ಲೆಲ್ಲ ಇತ್ತು. ಅಣ್ಣತಮ್ಮಂದಿರದು ಒಂದೂ ಇರಲಿಲ್ಲ. ನೋವಿನಲ್ಲಿ ಹಾಗೆ ಕಂಡಿರಬೇಕು ಎಂದರಂತೆ ಕ್ಯಾಂಪಿನವರು.

ಸಂಜೆ ಫೋನ್ ಹಿಡಿದು ಮತ್ತೆ ದಿಬ್ಬಕ್ಕೆ ಹೋದೆ. ಗಾಳಿ ಎಲ್ಲವನ್ನೂ ಒರೆಸಿಹಾಕಿತ್ತು. ನನ್ನ ಎವಿಡೆನ್ಸ್ ಎಂದರೆ ಮುನಿಯಮ್ಮ ಒಬ್ಬಳೇ, ಅವಳೋ ನಾನು ಆ ಮಾತೆತ್ತಿದರೆ ಹಾಲಿನ ಕ್ಯಾನ್ ಎತ್ತಿಕೊಂಡು ನಡೆದುಬಿಡುತ್ತಾಳೆ.

ಆ ಅಣ್ಣತಮ್ಮಂದಿರನ್ನು ಮತ್ತೆ ಯಾರೂ ಕಂಡಿಲ್ಲ. ಮಗುಚಿಟ್ಟ ಹಾಳೆಯ ವಿಷಯವನ್ನು ಕಲಾಳಿಗೆ ಹೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಮೊನ್ನೆ ಅವಳು ಹಳೆಯ ಕಾರ್ಡುಗಳನ್ನೆಲ್ಲ ಪೂರ್ತಿಮಾಡಿ ಕಳಿಸು ಎಂದಳು. ದೊಡ್ಡಣ್ಣನದೊಂದು ಬಿಟ್ಟು ಎಲ್ಲ ಕಳಿಸಿದೆ. ಅದರಲ್ಲಿ ಒಂದು ಸಾಲು ಖಾಲಿಯಿದೆ: ಕೊನೆಯದಾಗಿ ಕಂಡ ಸ್ಥಳ. ಪೆನ್ಸಿಲ್ ಹಿಡಿದು ಎಷ್ಟೋ ಸಲ ಕೂತಿದ್ದೇನೆ. ಏನು ಬರೆಯಲಿ, ನೀವೇ ಹೇಳಿ.